ನಾಣ್ಯವಿಲ್ಲದ ನಾಡಿನ ಲೆಕ್ಕದ ಪುಸ್ತಕ: ಆರಂಭಕಾಲದ ಅಮೆರಿಕದ ಹಳ್ಳಿ ವರ್ತಕ

ಹದಿನೇಳನೆಯ ಶತಮಾನದ ನಡುಭಾಗದಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಉತ್ತರ ಅಮೆರಿಕದ ಪೂರ್ವ ಕರಾವಳಿಯ ಹಿಂದಣ ಒಳನಾಡಿನಲ್ಲಿ, ಬಂದರು ಪಟ್ಟಣದ ಸಗಟು ವ್ಯಾಪಾರಿಗೂ ನೇಗಿಲು ಹಿಡಿದ ರೈತನಿಗೂ ನಡುವೆ ನಿಂತು ಕೊಡುಕೊಳ್ಳುವಿಕೆ ನಡೆಸಿದವನು ಹಳ್ಳಿಯ ವರ್ತಕ. ಉಪ್ಪು, ಮೊಳೆ, ಬಟ್ಟೆ, ಬೆಲ್ಲದ ಪಾಕ, ಕೋವಿಮದ್ದು, ಪಂಚಾಂಗದ ಪುಸ್ತಕ ಎಲ್ಲವನ್ನೂ ಒಂದೇ ಸೂರಿನಡಿ ಮಾರುತ್ತಿದ್ದ ಇವನ ಅಂಗಡಿಯಲ್ಲಿ ಸರಕಿಗಿಂತಲೂ ಹೆಚ್ಚು ಬೆಲೆಬಾಳುತ್ತಿದ್ದ ವಸ್ತುವೆಂದರೆ ಅವನ ಲೆಕ್ಕದ ಪುಸ್ತಕ. ಸರಕು ಸುಟ್ಟುಹೋದರೆ ಮತ್ತೆ ತರಿಸಬಹುದಾಗಿತ್ತು. ಪುಸ್ತಕ ಸುಟ್ಟುಹೋದರೆ ಊರಿನವರಿಂದ ಬರಬೇಕಾದ ಬಾಕಿಯೂ ಊರಿನವರಿಗೆ ಸಲ್ಲಬೇಕಾದ ಜಮೆಯೂ ಒಟ್ಟಿಗೆ ಅಳಿದುಹೋಗುತ್ತಿದ್ದವು. ಕೈಯಲ್ಲಿ ನಾಣ್ಯ ಸುಳಿಯುವುದೇ ಅಪರೂಪವಾಗಿದ್ದ ಆ ನಾಡಿನಲ್ಲಿ ಹಣದ ಕೆಲಸವನ್ನು ಮಾಡುತ್ತಿದ್ದುದು ಈ ಬರವಣಿಗೆಯೇ ಎಂಬುದನ್ನು ಗಮನಿಸಿದರೆ, ಅಂದಿನ ದಿನನಿತ್ಯದ ವ್ಯಾಪಾರದ ಸ್ವರೂಪವೂ ಅದರೊಳಗಿನ ಅಧಿಕಾರದ ಸ್ವರೂಪವೂ ಸ್ಪಷ್ಟವಾಗುತ್ತವೆ.

ನಾಣ್ಯದ ಅಭಾವಕ್ಕೆ ಕಾರಣಗಳು ಹಲವು. ಇಂಗ್ಲೆಂಡ್ ತನ್ನ ನಾಣ್ಯವನ್ನು ವಸಾಹತುಗಳಿಗೆ ಧಾರಾಳವಾಗಿ ಕಳುಹಿಸುತ್ತಿರಲಿಲ್ಲ; ವಸಾಹತುಗಳು ಅಲ್ಲಿಂದ ತರಿಸಿಕೊಂಡ ಸರಕಿನ ಬೆಲೆ ತಾವು ಕಳುಹಿಸಿದ ಸರಕಿನ ಬೆಲೆಯನ್ನು ಮೀರುತ್ತಿದ್ದುದರಿಂದ, ಕೆರಿಬಿಯನ್ ದ್ವೀಪಗಳ ವ್ಯಾಪಾರದಿಂದ ಬಂದ ಅಷ್ಟಿಷ್ಟು ಸ್ಪ್ಯಾನಿಷ್ ಬೆಳ್ಳಿಯೂ ಲಂಡನ್ನಿನ ಸಾಲ ತೀರಿಸಲು ಹಡಗು ಹತ್ತುತ್ತಿತ್ತು. ಲೆಕ್ಕವನ್ನು ಪೌಂಡು, ಶಿಲಿಂಗ್, ಪೆನ್ಸ್‌ಗಳಲ್ಲಿ ಬರೆಯುತ್ತಿದ್ದರು. 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡು. ಆದರೆ ಕೈಗೆ ಸಿಗುತ್ತಿದ್ದ ನಾಣ್ಯವೆಂದರೆ ಮುಖ್ಯವಾಗಿ ಸ್ಪ್ಯಾನಿಷ್ ಡಾಲರು, ಮತ್ತು ಅದೊಂದೇ ನಾಣ್ಯದ ಬೆಲೆ ಊರಿಂದೂರಿಗೆ ಬೇರೆಯಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ನ್ಯೂ ಇಂಗ್ಲೆಂಡ್ ಪ್ರಾಂತಗಳಲ್ಲಿಯೂ ವರ್ಜೀನಿಯಾದಲ್ಲಿಯೂ 6 ಶಿಲಿಂಗಿಗೆ, ಪೆನ್ಸಿಲ್ವೇನಿಯಾದಲ್ಲಿ ಏಳೂವರೆ ಶಿಲಿಂಗಿಗೆ, ನ್ಯೂಯಾರ್ಕಿನಲ್ಲಿ 8 ಶಿಲಿಂಗಿಗೆ ಸಮನೆಂದು ಎಣಿಕೆಯಾಗುತ್ತಿತ್ತು. 1792ರ ನಾಣ್ಯ ಕಾಯಿದೆಯು ಡಾಲರು ಮತ್ತು ಸೆಂಟುಗಳ ದಶಮಾಂಶ ಪದ್ಧತಿಯನ್ನು ಜಾರಿಗೆ ತಂದ ಮೇಲೆಯೂ ಹಲವು ಹಳ್ಳಿ ವರ್ತಕರು ವರ್ಷಗಟ್ಟಲೆ ಶಿಲಿಂಗಿನಲ್ಲೇ ಲೆಕ್ಕ ಬರೆದರು. ವಿದೇಶಿ ನಾಣ್ಯಗಳ ಕಾನೂನುಬದ್ಧ ಚಲಾವಣೆ ಕೊನೆಗೊಂಡುದು 1857ರಲ್ಲಿ.

ಈ ಸ್ಥಿತಿಯಲ್ಲಿ ಒಂದೇ ವಸ್ತುವಿಗೆ ಹಲವು ಬೆಲೆಗಳಿರುವುದು ಸಹಜವಾಗಿತ್ತು. 1704ರಲ್ಲಿ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಕುದುರೆಯ ಮೇಲೆ ಪ್ರಯಾಣ ಮಾಡಿದ ಸಾರಾ ಕೆಂಬಲ್ ನೈಟ್ ಎಂಬ ಮಹಿಳೆ ತನ್ನ ದಿನಚರಿಯಲ್ಲಿ ಕನೆಕ್ಟಿಕಟ್ ಪ್ರಾಂತದ ಅಂಗಡಿಗಳ ಪದ್ಧತಿಯನ್ನು ವಿವರವಾಗಿ ದಾಖಲಿಸಿದ್ದಾಳೆ. ಗಿರಾಕಿಯು ಬೆಲೆ ಕೇಳುವ ಮುನ್ನ ವರ್ತಕನು ಅವನು ಯಾವ ರೀತಿಯಲ್ಲಿ ತೆರುತ್ತಾನೆಂದು ಕೇಳುತ್ತಿದ್ದನು. ಪ್ರಾಂತದ ಸಭೆ ಗೊತ್ತುಮಾಡಿದ ದರದಲ್ಲಿ ಧಾನ್ಯ ಅಥವಾ ಮಾಂಸವನ್ನು ಕೊಡುವುದು ಒಂದು ರೀತಿ. ಅದೇ ದವಸವನ್ನು ಆ ದರಕ್ಕಿಂತ ಮೂರನೆಯ ಒಂದು ಪಾಲು ಕಡಿಮೆಗೆ ಕೊಡುವುದು ಎರಡನೆಯದು. ಬೆಳ್ಳಿಯ ನಾಣ್ಯ ಎಣಿಸುವುದು ಮೂರನೆಯದು. ಉದ್ದರಿ ಕೇಳುವುದು ನಾಲ್ಕನೆಯದು. ನಗದಿಗೆ 6 ಪೆನ್ಸ್ ಬೆಲೆಯ ಚಾಕು ಎರಡನೆಯ ರೀತಿಯವನಿಗೆ 8 ಪೆನ್ಸ್, ಮೊದಲನೆಯ ರೀತಿಯವನಿಗೆ 12 ಪೆನ್ಸ್ ಆಗುತ್ತಿತ್ತು. ಹೀಗೆ ಬೆಲೆಯೆಂಬುದು ಸರಕಿಗೆ ಅಂಟಿದ ಗುಣವಾಗಿರದೆ, ತೆರುವ ವಿಧಾನವನ್ನೂ ತೆರುವವನ ಮೇಲಿನ ವಿಶ್ವಾಸವನ್ನೂ ಅವಲಂಬಿಸಿತ್ತು.

ಇಂಥ ವ್ಯಾಪಾರವನ್ನು ಕೇವಲ ವಸ್ತುವಿನಿಮಯವೆಂದು ಕರೆಯುವುದು ಸರಿಯಾಗಲಾರದು. ಬಾಸ್ಟನ್ನಿನ ವರ್ತಕ ಥಾಮಸ್ ಹ್ಯಾನ್‌ಕಾಕ್‌ನ ಮನೆತನದ ವ್ಯವಹಾರವನ್ನು ಅಧ್ಯಯನ ಮಾಡಿದ ಲೆಕ್ಕಶಾಸ್ತ್ರದ ವಿದ್ವಾಂಸ ಡಬ್ಲ್ಯು. ಟಿ. ಬ್ಯಾಕ್ಸ್ಟರ್ ಇದನ್ನು ಪುಸ್ತಕದ ಮೂಲಕ ನಡೆಯುವ ಸಾಟಿ ವ್ಯಾಪಾರವೆಂದು ಗುರುತಿಸಿದರು. ಶುದ್ಧ ಸಾಟಿ ವ್ಯಾಪಾರದಲ್ಲಿ ಬೆಣ್ಣೆ ಕೊಟ್ಟವನಿಗೆ ಆಗಲೇ ಬಟ್ಟೆ ಬೇಕಾಗಿರಬೇಕು ಮತ್ತು ಎರಡರ ಬೆಲೆ ಸರಿಸಮವಾಗಿರಬೇಕು. ಪುಸ್ತಕವಿದ್ದರೆ ಈ ಎರಡು ತೊಡಕೂ ಇರುವುದಿಲ್ಲ. ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಪ್ರತ್ಯೇಕವಾಗಿ ಹಣದ ಬೆಲೆ ಕಟ್ಟಿ ಬರೆದಿಟ್ಟರೆ, ವಸಂತದಲ್ಲಿ ಕೊಂಡ ಉಪ್ಪಿಗೆ ಚಳಿಗಾಲದಲ್ಲಿ ಕಡಿದ ಸೌದೆ ಜಮೆಯಾಗಬಹುದು.

ಬರೆಯುವ ಕ್ರಮದಲ್ಲಿ ಸಾಮಾನ್ಯವಾಗಿ ಮೂರು ಪುಸ್ತಕಗಳ ಬಳಕೆಯಿತ್ತು. ಮೊದಲನೆಯದು ಕಚ್ಚಾಪುಸ್ತಕ, ಗಿರಾಕಿ ಎದುರಿಗೆ ನಿಂತಿರುವಾಗಲೇ, ಅವಸರದ ಅಕ್ಷರಗಳಲ್ಲಿ, ನಡೆದುದನ್ನು ನಡೆದ ಹಾಗೆ ಗೀಚಿಕೊಳ್ಳುವ ಪುಸ್ತಕವಿದು. ಎರಡನೆಯದು ಕಿರ್ದಿ, ಅಂದರೆ ದಿನದ ವ್ಯವಹಾರವನ್ನು ತಾರೀಖಿನ ಕ್ರಮದಲ್ಲಿ ಶುದ್ಧವಾಗಿ ಪ್ರತಿಮಾಡುವ ದಿನವಹಿ. ಮೂರನೆಯದು ಖಾತಾವಹಿ, ಇದರಲ್ಲಿ ಒಬ್ಬೊಬ್ಬ ಗಿರಾಕಿಗೂ ಎದುರುಬದುರಿನ ಎರಡು ಪುಟಗಳನ್ನು ಮೀಸಲಿಟ್ಟು, ಎಡಪುಟದಲ್ಲಿ ಅವನು ಕೊಂಡುದನ್ನು ಖರ್ಚಿಗೂ ಬಲಪುಟದಲ್ಲಿ ಅವನು ಕೊಟ್ಟುದನ್ನು ಜಮೆಗೂ ಹಾಕುತ್ತಿದ್ದರು. ಹೆಸರುಗಳ ಅಕಾರಾದಿ ಸೂಚಿಯನ್ನು ಬೇರೆಯಾಗಿ ಇಡುತ್ತಿದ್ದರು, ಒಂದು ಖಾತಾವಹಿ ತುಂಬಿದಾಗ ಮುಂದಿನದಕ್ಕೆ ಇಂಗ್ಲಿಷ್ ವರ್ಣಮಾಲೆಯ ಮುಂದಿನ ಅಕ್ಷರವನ್ನು ಹೆಸರಾಗಿ ಕೊಡುವುದು ರೂಢಿಯಾಗಿತ್ತು. ಸಣ್ಣ ಅಂಗಡಿಯವನು ಕಚ್ಚಾಪುಸ್ತಕವನ್ನು ಬಿಟ್ಟು ಉಳಿದ ಎರಡರಲ್ಲೇ ಕೆಲಸ ಸಾಗಿಸುವುದೂ ಉಂಟು.

ಒಂದು ನಮೂದು ಈ ಪುಸ್ತಕಗಳಲ್ಲಿ ಸಾಗುವ ಬಗೆಯನ್ನು ಹತ್ತಿರದಿಂದ ನೋಡಬಹುದು. ಒಬ್ಬ ರೈತ 2 ಶಿಲಿಂಗಿಗೆ ಒಂದು ಗ್ಯಾಲನ್ ಕಾಕಂಬಿಯನ್ನೂ ಗಜಕ್ಕೆ 3 ಶಿಲಿಂಗಿನಂತೆ ಮೂರು ಗಜ ಚೀಟಿ ಬಟ್ಟೆಯನ್ನೂ ಕೊಂಡನೆಂದು ಇಟ್ಟುಕೊಂಡರೆ, ಕಿರ್ದಿಯಲ್ಲಿ ಅವನ ಹೆಸರಿನ ಕೆಳಗೆ ಎರಡೂ ಸರಕುಗಳು, ತೂಕ ಅಳತೆ, ದರ, ಒಟ್ಟು 11 ಶಿಲಿಂಗ್ ಎಂದು ಬರೆದಾಗುತ್ತದೆ. ಅವನ ಬದಲು ಮಗನೋ ಆಳೋ ಬಂದು ಒಯ್ದಿದ್ದರೆ ಯಾರ ಕೈಯಲ್ಲಿ ಹೋಯಿತೆಂಬುದೂ ಸೇರುತ್ತದೆ, ಏಕೆಂದರೆ ಮುಂದೆ ತಕರಾರು ಬಂದರೆ ಆ ಒಂದು ಮಾತೇ ಆಧಾರ. ಬಿಡುವಾದಾಗ ಗುಮಾಸ್ತನು ಆ ಮೊತ್ತವನ್ನು ಖಾತಾವಹಿಯ ಎಡಪುಟಕ್ಕೆ ಏರಿಸಿ, ಕಿರ್ದಿಯ ಅಂಚಿನಲ್ಲಿ ಖಾತೆಯ ಪುಟಸಂಖ್ಯೆಯನ್ನು ಬರೆಯುತ್ತಾನೆ. ಅಂಚಿನ ಆ ಅಂಕಿ ನಮೂದು ಖಾತೆಗೆ ಏರಿತೆಂಬುದರ ಗುರುತು. ತಿಂಗಳ ತರುವಾಯ ಅದೇ ಮನೆಯಿಂದ ಪೌಂಡಿಗೆ 9 ಪೆನ್ಸಿನ ದರದಲ್ಲಿ ಎಂಟು ಪೌಂಡು ಬೆಣ್ಣೆ ಬಂದರೆ ಬಲಪುಟದಲ್ಲಿ 6 ಶಿಲಿಂಗ್ ಜಮೆಯಾಗಿ, 5 ಶಿಲಿಂಗ್ ಬಾಕಿ ಉಳಿಯುತ್ತದೆ. ಈ ವ್ಯವಹಾರದಲ್ಲಿ ಒಂದು ಬಿಡಿಕಾಸೂ ಕೈ ಬದಲಿಸಿಲ್ಲ, ಆದರೂ ಲೆಕ್ಕದಲ್ಲಿ ಪೆನ್ಸೊಂದೂ ತಪ್ಪಿಲ್ಲ.

ಹಳ್ಳಿಯ ವರ್ತಕರಲ್ಲಿ ಬಹುಪಾಲು ಜನ ಅನುಸರಿಸಿದ್ದು ಏಕನಮೂದು ಪದ್ಧತಿ, ಅಂದರೆ ವ್ಯಕ್ತಿಗಳ ಬಾಕಿ ಮತ್ತು ಜಮೆಯನ್ನಷ್ಟೇ ಬರೆಯುವ ಪದ್ಧತಿ. ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ, ಒಂದರಲ್ಲಿ ಖರ್ಚಾಗಿಯೂ ಇನ್ನೊಂದರಲ್ಲಿ ಜಮೆಯಾಗಿಯೂ ಬರೆದು, ಒಟ್ಟು ಲಾಭನಷ್ಟವನ್ನು ತಿಳಿಯುವ ದ್ವಿನಮೂದು ಪದ್ಧತಿಯನ್ನು ಲೂಕಾ ಪಚೋಲಿ ಎಂಬ ಇಟಲಿಯ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಅಮೆರಿಕದ ದೊಡ್ಡ ವರ್ತಕರು ಅದನ್ನು ಕಲಿತದ್ದು ಸ್ಕಾಟ್ಲೆಂಡಿನ ಶಾಲಾಶಿಕ್ಷಕ ಜಾನ್ ಮೇರ್‌ನ ಪಠ್ಯಪುಸ್ತಕದಂಥ ಕೃತಿಗಳಿಂದ. 1736ರಲ್ಲಿ ಎಡಿನ್‌ಬರೋದಲ್ಲಿ ಮೊದಲು ಪ್ರಕಟವಾದ ಆ ಪುಸ್ತಕ ವರ್ಜೀನಿಯಾ ಮತ್ತು ಮೇರಿಲ್ಯಾಂಡಿನ ಹೊಗೆಸೊಪ್ಪಿನ ಅಂಗಡಿಗಳ ಲೆಕ್ಕವನ್ನೂ ಕಲಿಸುತ್ತಿತ್ತು. ಥಾಮಸ್ ಸಾರ್ಜೆಂಟನ ಲೆಕ್ಕದ ಪುಸ್ತಕ ಫಿಲಡೆಲ್ಫಿಯಾದಲ್ಲಿ 1789ರಲ್ಲಿ ಅಚ್ಚಾಯಿತು. ಆದರೆ ಹಳ್ಳಿಯ ಅಂಗಡಿಯವನಿಗೆ ವರ್ಷದ ಲಾಭದ ನಿಖರವಾದ ಅಂಕಿಗಿಂತ ಯಾರಿಂದ ಎಷ್ಟು ಬರಬೇಕು ಎಂಬುದೇ ಮುಖ್ಯವಾಗಿದ್ದುದರಿಂದ, ಏಕನಮೂದು ಅವನ ಅಗತ್ಯಕ್ಕೆ ಸಾಕಾಗಿತ್ತು.

ಖಾತಾವಹಿಯ ನಿಜವಾದ ಶಕ್ತಿ ಮೂರನೆಯವರ ವ್ಯವಹಾರದಲ್ಲಿ ಕಾಣಿಸುತ್ತದೆ. ಕಮ್ಮಾರನಿಗೆ ಕೂಲಿ ಕೊಡಬೇಕಾದ ರೈತ, ಚೀಟಿ ತಂದವನಿಗೆ ಇಷ್ಟು ಶಿಲಿಂಗಿನ ಸರಕು ಕೊಟ್ಟು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕೆಂದು ವರ್ತಕನ ಹೆಸರಿಗೆ ಒಂದು ಚೀಟಿ ಬರೆದು ಕಮ್ಮಾರನ ಕೈಗಿಡುತ್ತಿದ್ದನು. ಕಮ್ಮಾರನು ಸರಕು ಒಯ್ಯಬಹುದಾಗಿತ್ತು, ಇಲ್ಲವೆ ಆ ಮೊತ್ತವನ್ನು ತನ್ನ ಖಾತೆಗೆ ಜಮೆ ಮಾಡಿಸಬಹುದಾಗಿತ್ತು. ಶಾಲೆಯ ಉಪಾಧ್ಯಾಯನ ಸಂಬಳ, ಪಾದ್ರಿಯ ವಂತಿಗೆ, ಊರಿನ ತೆರಿಗೆ ಇವೂ ಹಲವೆಡೆ ಇದೇ ದಾರಿಯಲ್ಲಿ ತೀರುತ್ತಿದ್ದವು. ಬ್ಯಾಂಕುಗಳಿಲ್ಲದ ಊರಿನಲ್ಲಿ ಅಂಗಡಿಯ ಮೇಜೇ ಬ್ಯಾಂಕಿನ ಕೆಲಸ ಮಾಡಿತು. ಇಂಥ ಖಾತೆಗಳು ವರ್ಷಗಟ್ಟಲೆ ತೆರೆದೇ ಇರುತ್ತಿದ್ದವು. ಕೊನೆಗೊಂದು ದಿನ ಇಬ್ಬರೂ ಎದುರುಬದುರು ಕುಳಿತು, ಎರಡೂ ಪುಟಗಳನ್ನು ಕೂಡಿಸಿ ಕಳೆದು, ಆ ದಿನದವರೆಗಿನ ಲೆಕ್ಕ ಚುಕ್ತಾ ಆಯಿತೆಂದು ಬರೆದು ಇಬ್ಬರೂ ರುಜು ಹಾಕುತ್ತಿದ್ದರು. ಉಳಿದ ಬಾಕಿ ಮುಂದಿನ ಪುಟದ ಮೊದಲ ನಮೂದಾಗುತ್ತಿತ್ತು.

ನ್ಯಾಯಾಲಯವೂ ಈ ಪುಸ್ತಕವನ್ನು ಗೌರವಿಸುತ್ತಿತ್ತು. ವ್ಯಾಜ್ಯದಲ್ಲಿ ಸ್ವಂತ ಹಿತಾಸಕ್ತಿಯುಳ್ಳವನು ತನ್ನ ಪರವಾಗಿ ಸಾಕ್ಷಿ ನುಡಿಯಬಾರದೆಂಬುದು ಅಂದಿನ ಇಂಗ್ಲಿಷ್ ನ್ಯಾಯಪದ್ಧತಿಯ ನಿಯಮ. ಆದರೆ ವರ್ತಕರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಉಪ್ಪು ಮಾರುವುದು ಅಸಾಧ್ಯವಾದ ಕಾರಣ, ವಸಾಹತುಗಳ ನ್ಯಾಯಾಲಯಗಳು ಪ್ರಮಾಣವಚನದ ಬೆಂಬಲದೊಂದಿಗೆ ವರ್ತಕನ ಸ್ವಂತ ಪುಸ್ತಕವನ್ನೇ ಪುರಾವೆಯಾಗಿ ಒಪ್ಪಿಕೊಂಡವು. ಆ ಪುಸ್ತಕ ವ್ಯವಹಾರ ನಡೆದಾಗಲೇ ಬರೆದದ್ದಾಗಿರಬೇಕು ಎಂಬುದು ಇಲ್ಲಿನ ಮುಖ್ಯ ನಿಬಂಧನೆ. ಪುಟಗಳ ನಡುವೆ ಖಾಲಿ ಜಾಗ ಬಿಡದೆ, ಕೆತ್ತಿ ತಿದ್ದದೆ ಬರೆಯಬೇಕೆಂದು ಗುಮಾಸ್ತರಿಗೆ ಕಲಿಸುತ್ತಿದ್ದುದರ ಹಿಂದೆ ಈ ಎಚ್ಚರವಿತ್ತು. ಹದಿನೆಂಟನೆಯ ಶತಮಾನ ಮುಂದುವರಿದಂತೆ ಕನೆಕ್ಟಿಕಟ್ಟಿನಂಥ ಪ್ರಾಂತಗಳಲ್ಲಿ ಖಾತೆಯ ಬಾಕಿಯ ಜಾಗವನ್ನು ಪ್ರಾಮಿಸರಿ ನೋಟು ಆಕ್ರಮಿಸತೊಡಗಿತು. ಖಾತೆಯ ಬಾಕಿಗೆ ಸಾಮಾನ್ಯವಾಗಿ ಬಡ್ಡಿಯಿರಲಿಲ್ಲ, ಅದರ ಮೊತ್ತವನ್ನು ನೆರೆಯವರ ಮುಂದೆ ಪ್ರಶ್ನಿಸಬಹುದಾಗಿತ್ತು. ನೋಟಿಗೆ ಬಡ್ಡಿಯಿತ್ತು, ಅದನ್ನು ಮೂರನೆಯವನಿಗೆ ವರ್ಗಾಯಿಸಬಹುದಾಗಿತ್ತು. ನೆರೆಹೊರೆಯ ಋಣ ಅಪರಿಚಿತರ ಋಣವಾಗಿ ಬದಲಾದದ್ದು ಈ ದಾರಿಯಲ್ಲಿ.

ಅಂಗಡಿಯ ದಿನಚರಿ ಬೆಳಗಿನ ಬೆಳಕಿನೊಂದಿಗೆ ಆರಂಭವಾಗುತ್ತಿತ್ತು. ಎಳೆಯ ಗುಮಾಸ್ತನೊಬ್ಬ ಅಂಗಡಿಯಲ್ಲೇ ಮಲಗಿ, ಎದ್ದು ಒಲೆ ಹೊತ್ತಿಸಿ, ಕಸ ಗುಡಿಸಿ, ಹಕ್ಕಿಯ ಗರಿಯ ಲೇಖನಿಯನ್ನು ಹೆರೆದು ಸಿದ್ಧಪಡಿಸುತ್ತಿದ್ದನು. ಓಕ್ ಮರದ ಕಾಯಿಗಂಟು ಮತ್ತು ಅನ್ನಭೇದಿಯಿಂದ ಕಾಸಿದ ಮಸಿ ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗಿ ಇಂದಿಗೂ ಆ ಪುಟಗಳಲ್ಲಿ ಉಳಿದಿದೆ. ಶಂಕುವಿನಾಕಾರದ ಸಕ್ಕರೆಯ ಗಟ್ಟಿಯನ್ನು ಇಕ್ಕಳದಿಂದ ಕತ್ತರಿಸಿ ತೂಗುವುದು, ಪೀಪಾಯಿಯಿಂದ ರಮ್ ಮದ್ಯವನ್ನು ಅಳೆಯುವುದು, ಬಟ್ಟೆಯನ್ನು ಗಜಕಡ್ಡಿಯಿಂದ ಅಳೆದು ಹರಿದು ಕೊಡುವುದು, ರೈತರು ತಂದ ಬೆಣ್ಣೆಯ ಮಡಕೆಯ ತಳದವರೆಗೂ ಪರೀಕ್ಷಿಸುವುದು ಅವನ ಕೆಲಸ. ಸರಕಿನ ಮೇಲಿನ ಚೀಟಿಯಲ್ಲಿ ಖರೀದಿ ದರವನ್ನು ಗುಪ್ತಲಿಪಿಯಲ್ಲಿ ಬರೆಯುವ ಪದ್ಧತಿಯೂ ಬೆಳೆಯಿತು: ಅಕ್ಷರಗಳು ಮರುಕಳಿಸದ ಹತ್ತು ಅಕ್ಷರಗಳ ಒಂದು ಪದವನ್ನು ಆರಿಸಿಕೊಂಡು ಒಂದೊಂದು ಅಂಕಿಗೆ ಒಂದೊಂದು ಅಕ್ಷರವನ್ನು ನಿಗದಿಪಡಿಸಿದರೆ, ಚೌಕಾಸಿ ಮಾಡುವ ಗಿರಾಕಿಗೆ ತಿಳಿಯದಂತೆ ಗುಮಾಸ್ತನಿಗೆ ಎಲ್ಲಿಯವರೆಗೆ ಇಳಿಯಬಹುದೆಂಬುದು ತಿಳಿಯುತ್ತಿತ್ತು. ಎಷ್ಟೋ ಅಂಗಡಿಗಳು ಊರಿನ ಅಂಚೆಕಚೇರಿಯೂ ಆಗಿದ್ದವು.

ಕನೆಕ್ಟಿಕಟ್ಟಿನ ನ್ಯೂ ಮಿಲ್‌ಫರ್ಡ್ ಊರಿನ ಬಟ್ಟೆ ವರ್ತಕ ಎಲೈಜಾ ಬೋರ್ಡ್‌ಮನ್‌ನನ್ನು ರಾಲ್ಫ್ ಅರ್ಲ್ 1789ರಲ್ಲಿ ಚಿತ್ರಿಸಿದ ದೊಡ್ಡ ಭಾವಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿದೆ. ಒಳ್ಳೆಯ ಉಡುಪು ತೊಟ್ಟ ವರ್ತಕನು ಎತ್ತರದ ಲೆಕ್ಕದ ಮೇಜಿನ ಪಕ್ಕದಲ್ಲಿ ನಿಂತಿದ್ದಾನೆ. ಮೇಜಿನ ಕೆಳಗಿನ ಅರೆಗಳಲ್ಲಿ ಪುಸ್ತಕಗಳಿವೆ. ತೆರೆದ ಬಾಗಿಲಿನಾಚೆ ಬಣ್ಣಬಣ್ಣದ ಬಟ್ಟೆಯ ಥಾನುಗಳು ಅಟ್ಟಣೆಗಳಲ್ಲಿ ಕಾಣುತ್ತವೆ. ಸರಕನ್ನು ಹಿಂದಿನ ಕೋಣೆಗೆ ಸರಿಸಿ ಬರವಣಿಗೆಯ ಮೇಜನ್ನು ಮುಂದಕ್ಕೆ ತಂದ ಈ ಚಿತ್ರ, ವರ್ತಕನ ಪ್ರತಿಷ್ಠೆಯ ಮೂಲ ಎಲ್ಲಿತ್ತೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಬೋರ್ಡ್‌ಮನ್ ಮುಂದೆ ಅಮೆರಿಕದ ಸೆನೆಟ್ ಸದಸ್ಯನೂ ಆದನು. ಆ ಕಾಲದ ಬಟ್ಟೆಯಂಗಡಿಗಳಲ್ಲಿ ಭಾರತದ ಹತ್ತಿಬಟ್ಟೆಗೂ ಸ್ಥಾನವಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಅದು ಲಂಡನ್ನಿನ ಮೂಲಕ ಬರುತ್ತಿತ್ತು, 1784ರಲ್ಲಿ ಅಮೆರಿಕದ ಹಡಗೊಂದು ಪುದುಚೇರಿಯನ್ನು ತಲುಪಿದ ಮೇಲೆ ನೇರವಾಗಿಯೂ ಬರತೊಡಗಿತು.

ವರ್ತಕನು ಜಮೆಗೆ ಹಿಡಿದುಕೊಂಡ ಹಳ್ಳಿಯ ಉತ್ಪನ್ನ ಅಲ್ಲಿಯೇ ಉಳಿಯುತ್ತಿರಲಿಲ್ಲ. ಬೆಣ್ಣೆ, ಜೇನುಮೇಣ, ಅಗಸೆಬೀಜ, ಕೈಮಗ್ಗದ ಬಟ್ಟೆ, ಚರ್ಮ, ಕಾಗದ ತಯಾರಿಸಲು ಬೇಕಾದ ಹಳೆಯ ಚಿಂದಿ ಎಲ್ಲವೂ ಬಂಡಿಯೇರಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಗೆ ಹೋಗುತ್ತಿದ್ದವು. ಕಾಡು ಕಡಿದು ಹೊಲ ಮಾಡುತ್ತಿದ್ದವರಿಗೆ ಮರದ ಬೂದಿಯೇ ಮೊದಲ ಬೆಳೆಯಾಗಿತ್ತು. ಬೂದಿಯನ್ನು ಬುಟ್ಟಿಯ ಲೆಕ್ಕದಲ್ಲಿ ಕೊಂಡ ವರ್ತಕ ಅದನ್ನು ನೀರಿನಲ್ಲಿ ಸೋಸಿ, ಕುದಿಸಿ, ಸಾಬೂನು ಮತ್ತು ಗಾಜಿನ ತಯಾರಿಕೆಗೆ ಬೇಕಾದ ಪೊಟ್ಯಾಷ್ ಮಾಡಿಸಿ ಕಳುಹಿಸುತ್ತಿದ್ದನು. ಅಮೆರಿಕ ಸರ್ಕಾರ 1790ರ ಜುಲೈ 31ರಂದು ನೀಡಿದ ಮೊಟ್ಟಮೊದಲ ಪೇಟೆಂಟ್ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬವನ ಪೊಟ್ಯಾಷ್ ತಯಾರಿಕೆಯ ವಿಧಾನಕ್ಕೆ ಸಂದಿತೆಂಬುದು ಈ ಸರಕಿನ ಮಹತ್ವವನ್ನು ತೋರಿಸುತ್ತದೆ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ವರ್ತಕನು ಪಟ್ಟಣಕ್ಕೆ ಹೋಗಿ ಸಗಟು ವ್ಯಾಪಾರಿಯಿಂದ ಆರು ತಿಂಗಳು, ಕೆಲವೊಮ್ಮೆ ವರ್ಷದ ವಾಯಿದೆಯ ಮೇಲೆ ಹೊಸ ಸರಕು ತರುತ್ತಿದ್ದನು. ಹಳ್ಳಿಗೆ ಸಾಲ ಕೊಟ್ಟವನು ತಾನೇ ಪಟ್ಟಣದ ಸಾಲಗಾರನಾಗಿದ್ದನು.

ವರ್ಜೀನಿಯಾದಲ್ಲಿ ಈ ಸಾಲದ ಸರಣಿ ಸಾಗರವನ್ನೇ ದಾಟಿತ್ತು. ಅಲ್ಲಿ 1730ರ ತಪಾಸಣೆ ಕಾಯಿದೆಯಂತೆ ಸರ್ಕಾರಿ ಉಗ್ರಾಣದಲ್ಲಿ ಪರೀಕ್ಷೆಯಾದ ಹೊಗೆಸೊಪ್ಪಿಗೆ ಕೊಡುತ್ತಿದ್ದ ರಸೀದಿಯೇ ಹಣದಂತೆ ಕೈಯಿಂದ ಕೈಗೆ ಸಾಗುತ್ತಿತ್ತು. ಗ್ಲಾಸ್ಗೋ ನಗರದ ಜಾನ್ ಗ್ಲಾಸ್‌ಫರ್ಡ್ ಕಂಪನಿಯಂಥ ಸಂಸ್ಥೆಗಳು ನದಿದಂಡೆಗಳಲ್ಲಿ ಅಂಗಡಿಗಳನ್ನು ತೆರೆದು, ಸಣ್ಣ ರೈತರಿಂದ ಹೊಗೆಸೊಪ್ಪನ್ನು ಸ್ಥಳದಲ್ಲೇ ಕೊಂಡು, ಮುಂದಿನ ಬೆಳೆಯ ಮೇಲೆ ಸರಕನ್ನು ಉದ್ದರಿ ಕೊಡುತ್ತಿದ್ದವು. ಕೋಲ್ಚೆಸ್ಟರ್ ಎಂಬಲ್ಲಿ ಈ ಕಂಪನಿಯ ಅಂಗಡಿಯನ್ನು ನಡೆಸಿದ ಅಲೆಕ್ಸಾಂಡರ್ ಹೆಂಡರ್ಸನ್‌ನ 1758ರಿಂದ 1765ರವರೆಗಿನ ಪತ್ರವಹಿ ಉಳಿದುಬಂದಿದೆ. ಸ್ವಾತಂತ್ರ್ಯ ಸಮರ ಬಂದಾಗ ಈ ಖಾತೆಗಳ ಬಾಕಿ ಎರಡು ರಾಷ್ಟ್ರಗಳ ನಡುವಿನ ವಿವಾದವಾಯಿತು. ಅಮೆರಿಕ ಬ್ರಿಟನ್ನಿನೊಂದಿಗೆ ಮಾಡಿಕೊಂಡ 1794ರ ಜೇ ಒಪ್ಪಂದ ಅದನ್ನು ಬಗೆಹರಿಸಲಾರದೆ ಹೋಗಿ, ಕೊನೆಗೆ 1802ರಲ್ಲಿ ಅಮೆರಿಕ ಸರ್ಕಾರ 6,00,000 ಪೌಂಡು ಕೊಡಲು ಒಪ್ಪಿ ಮುಗಿಸಿತು.

ಪುಸ್ತಕದಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದೂ ವಿಚಾರಾರ್ಹ. ವಿವಾಹಿತ ಸ್ತ್ರೀಗೆ ಪ್ರತ್ಯೇಕ ಆಸ್ತಿಯ ಹಕ್ಕಿಲ್ಲದಿದ್ದ ಕಾಲದಲ್ಲಿ, ಅವಳು ಕಡೆದ ಬೆಣ್ಣೆಯೂ ನೂತ ನೂಲೂ ಗಂಡನ ಹೆಸರಿಗೆ ಜಮೆಯಾಗುತ್ತಿದ್ದವು. ಗುಲಾಮರಿಗೆ ಕಾನೂನಿನ ಪ್ರಕಾರ ಏನೂ ಸ್ವಂತವಿರಲಿಲ್ಲ. ಆದರೂ ವರ್ಜೀನಿಯಾದ ಜಾನ್ ಹುಕ್ ಎಂಬ ಸ್ಕಾಟಿಷ್ ವರ್ತಕನ 1770ರ ದಶಕದ ಪುಸ್ತಕಗಳಲ್ಲಿ ಸುಕಿ ಎಂಬ ಗುಲಾಮ ಮಹಿಳೆ ಹತ್ತಿ ತಂದುಕೊಟ್ಟು ಒಂದು ಕನ್ನಡಿಯನ್ನೂ ರಿಬ್ಬನ್ನನ್ನೂ ಕೊಂಡ ನಮೂದು ಉಳಿದಿದೆ. ಮೂಲನಿವಾಸಿಗಳ ಪಾಲಿಗೆ ಖಾತೆ ಹೆಚ್ಚು ಕ್ರೂರವಾಗಿತ್ತು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಬೀವರ್ ಎಂಬ ನೀರುಪ್ರಾಣಿಯ ತುಪ್ಪುಳು ಚರ್ಮದ ವ್ಯಾಪಾರ ನಡೆಸಿದ ಜಾನ್ ಪಿಂಚನ್‌ನ ಪುಸ್ತಕದಲ್ಲಿ ನಾರ್ವೊಟಕ್ ಜನರ ನಾಯಕ ಉಂಪಾಂಚಾಲಾ ಕೊಂಡ ಉಡುಪುಗಳ ಬಾಕಿಯನ್ನು, ಕಡಲ ಚಿಪ್ಪಿನಿಂದ ಕೊರೆದ ವಾಂಪಮ್ ಮಣಿಸರದ ಮಾರುಗಳಲ್ಲಿ ಎಣಿಸಿ ಬರೆದಿದೆ. ಆ ಬಾಕಿಗೆ ಒತ್ತೆಯಾದದ್ದು ಭೂಮಿ. ಅಧ್ಯಕ್ಷ ಥಾಮಸ್ ಜೆಫರ್ಸನ್ 1803ರಲ್ಲಿ ಇಂಡಿಯಾನಾದ ಗವರ್ನರ್ ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ ಬರೆದ ಪತ್ರದಲ್ಲಿ, ಮೂಲನಿವಾಸಿ ಪ್ರಮುಖರು ಸರ್ಕಾರಿ ವ್ಯಾಪಾರ ಕೋಠಿಗಳಲ್ಲಿ ಸಾಲಕ್ಕೆ ಬೀಳುವುದು ಒಳಿತೆಂದೂ ಸಾಲ ತೀರಿಸಲಾಗದಾಗ ಅವರು ಭೂಮಿ ಬಿಟ್ಟುಕೊಡುವರೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದನು.

ಊರಿನವರ ಲೆಕ್ಕ ಬರೆಯುತ್ತಿದ್ದ ವರ್ತಕನ ಲೆಕ್ಕವನ್ನು ಬರೆಯುವವರೂ ಕ್ರಮೇಣ ಹುಟ್ಟಿಕೊಂಡರು. 1837ರ ಆರ್ಥಿಕ ಕುಸಿತದಲ್ಲಿ ನಷ್ಟ ಅನುಭವಿಸಿದ ರೇಷ್ಮೆಯ ಸಗಟು ವ್ಯಾಪಾರಿ ಲೂಯಿಸ್ ಟಪ್ಪನ್ 1841ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆಯನ್ನು ತೆರೆದು, ಊರೂರಿನ ವಕೀಲರಂಥ ವರದಿಗಾರರ ಮೂಲಕ ಹಳ್ಳಿ ವರ್ತಕರ ಆಸ್ತಿ, ನಡತೆ, ಕುಡಿತ, ಕುಟುಂಬ, ಪ್ರಾಮಾಣಿಕತೆಗಳ ಮಾಹಿತಿಯನ್ನು ಸಂಗ್ರಹಿಸಿ ಸಗಟು ವ್ಯಾಪಾರಿಗಳಿಗೆ ಒದಗಿಸತೊಡಗಿದನು. ಆ ಸಂಸ್ಥೆಯ 2,500ಕ್ಕೂ ಹೆಚ್ಚು ಸಂಪುಟಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿವೆ. ವರ್ತಕನ ಸ್ಥಿತಿ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಅಬ್ರಹಾಂ ಲಿಂಕನ್ನನ ಉದಾಹರಣೆಯೊಂದೇ ಸಾಕು: ಇಲಿನಾಯ್ ಪ್ರಾಂತದ ನ್ಯೂ ಸೇಲಂನಲ್ಲಿ ವಿಲಿಯಂ ಬೆರಿಯೊಡನೆ ಪಾಲುಗಾರನಾಗಿ ಸಾಲದ ನೋಟುಗಳ ಮೇಲೆ ನಡೆಸಿದ ಅಂಗಡಿ 1833ರ ಹೊತ್ತಿಗೆ ಮುಳುಗಿ, ಪಾಲುಗಾರನ ಮರಣಾನಂತರ ಸುಮಾರು 1,100 ಡಾಲರಿನ ಸಾಲ ಅವನ ತಲೆಯ ಮೇಲೆ ಬಿದ್ದು, ಅದನ್ನು ತೀರಿಸಲು ಅವನಿಗೆ ವರ್ಷಗಳೇ ಹಿಡಿದವು.

ಅಂತರ್ಯುದ್ಧದ ಕಾಲದಲ್ಲಿ, 1862 ಮತ್ತು 1863ರ ಕಾಯಿದೆಗಳಿಂದ ದೇಶಕ್ಕೆಲ್ಲ ಒಂದೇ ಬಗೆಯ ಕಾಗದದ ಹಣ ಚಲಾವಣೆಗೆ ಬಂದಿತು. ರೈಲು ಹಳ್ಳಿಯನ್ನು ಪಟ್ಟಣಕ್ಕೆ ಹತ್ತಿರ ತಂದಿತು. 1872ರಲ್ಲಿ ಷಿಕಾಗೋದ ಮಾಂಟ್ಗೊಮರಿ ವಾರ್ಡ್ ಅಂಚೆಯ ಮೂಲಕ ನಗದು ವ್ಯಾಪಾರ ಆರಂಭಿಸಿದನು. ಇವುಗಳಿಂದ ಖಾತೆಯ ವ್ಯಾಪಾರದ ಅಗತ್ಯ ಕುಗ್ಗುತ್ತ ಬಂದಿತು. ದಕ್ಷಿಣದ ಹತ್ತಿಯ ಸೀಮೆಯಲ್ಲಿ ಮಾತ್ರ ಬೆಳೆಯ ಮೇಲೆ ಸಾಲ ಕೊಡುವ ಅಂಗಡಿಗಳು ಇಪ್ಪತ್ತನೆಯ ಶತಮಾನದವರೆಗೂ ಉಳಿದು, ಬಿಡುಗಡೆ ಹೊಂದಿದ ಗುಲಾಮರನ್ನೂ ಬಡ ಬಿಳಿಯರನ್ನೂ ಋಣದಲ್ಲಿ ಕಟ್ಟಿಹಾಕಿದವು. ಖಾತಾವಹಿ ಊರಿಗಾದ ನೆರವನ್ನೂ ಅದು ತಂದ ಈ ಬಂಧನವನ್ನೂ ಒಟ್ಟಿಗೆ ನೋಡಿದಾಗ ತೀರ್ಮಾನ ಕಷ್ಟವಲ್ಲ. ಖಾತಾವಹಿ ತಾನಾಗಿ ನ್ಯಾಯವೂ ಅಲ್ಲ, ಅನ್ಯಾಯವೂ ಅಲ್ಲ. ಎರಡೂ ಕಡೆಯವರು ಲೆಕ್ಕ ಬಲ್ಲವರಾಗಿ, ಎದುರುಬದುರು ಕುಳಿತು ರುಜು ಹಾಕಬಲ್ಲವರಾಗಿದ್ದ ಊರಿನಲ್ಲಿ ಅದು ನಾಣ್ಯದ ಕೊರತೆಯನ್ನು ತುಂಬಿ ಬದುಕನ್ನು ನಡೆಸಿತು; ಲೇಖನಿ ಒಬ್ಬನ ಕೈಯಲ್ಲಿ ಮಾತ್ರ ಇದ್ದು ಇನ್ನೊಬ್ಬನಿಗೆ ಪ್ರಶ್ನಿಸುವ ಹಕ್ಕಿಲ್ಲದಿದ್ದಲ್ಲಿ ಅದೇ ಪುಸ್ತಕ ಭೂಮಿಯನ್ನೂ ದುಡಿಮೆಯನ್ನೂ ಕಸಿದುಕೊಂಡಿತು.